ಕೆಂಪು ಒಳಗೆ, ಪೆನ್ಸಿಲ್ ಹೊರಗೆ

ಆ ಸಂಜೆ ವಾಚನಾಲಯದ ಮಹಡಿಯ ಹಾಲ್‌ನಲ್ಲಿ ಲೋಕಕ್ಕೆ ಲೋಕವೇ ನೆರೆದಿತ್ತು. ತಲೆ ಎಣಿಸುವ ಸಣ್ಣ ಬುದ್ಧಿಯವರು ಎಪ್ಪತ್ತೆರಡು ಜನ ಎಂದಾರು, ಅನ್ನಲಿ ಬಿಡಿ. ಕುರ್ಚಿ ಸಾಲದೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಿಂದ ಎರಡು ಬೆಂಚು ಹೊತ್ತು ತಂದಿದ್ದರು. ಅದರ ಮೇಲೆ ಕೂತವರೆಲ್ಲ ಅಭ್ಯಾಸಬಲದಿಂದ ದವಡೆ ಹಿಡಿದುಕೊಂಡೇ ಕೂತಿದ್ದರು. ಮೇಜಿನ ಮೇಲೆ ಹೊಸ ಪುಸ್ತಕದ ಗೋಪುರ. ಹಸಿ ಶಾಯಿಯ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಪುಸ್ತಕವನ್ನು ಮೂಗಿನಲ್ಲೇ ಓದಿಬಿಡಬಹುದಿತ್ತು.

ಕೊನೆಯ ಸಾಲಿನಲ್ಲಿ, ಯಾವಾಗ ಬೇಕಾದರೂ ಎದ್ದು ಓಡಲು ಅನುಕೂಲವಾದ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕರಡಮ್ಮ ಕೂತಿದ್ದಳು.

ಸೋದರಮಾವನ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು, ಆದ್ದರಿಂದ ಕರಡಮ್ಮ. ಅಚ್ಚಿಗೆ ಹೋಗುವ ಮುಂಚೆ ಹಾಳೆಯಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ವಯಸ್ಸು ಮೂವತ್ತೊಂದು, ಕಣ್ಣಿನ ವಯಸ್ಸು ಮುನ್ನೂರು. ಅವಳ ಕೈಯಿಂದ ತಪ್ಪಿಸಿಕೊಂಡ ಅಲ್ಪವಿರಾಮ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಬಸ್ಸಿನಲ್ಲಿ ಹೋಗುತ್ತ ಅಂಗಡಿಯ ಬೋರ್ಡಿನಲ್ಲಿ ತಪ್ಪು ಕಂಡು, ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಬಂದು ತಿದ್ದಿಸಿದವಳು ಅವಳು. ಇಂಥವಳಿಗೂ ಒಂದು ಭಯವಿತ್ತು. ಅಚ್ಚಾಗಿ ಬಂದ ಪುಸ್ತಕವನ್ನು ಅವಳು ತೆರೆಯುತ್ತಿರಲಿಲ್ಲ. ಕರಡು ತಿದ್ದಿದವರು ಹೊಸ ಪುಸ್ತಕ ತೆರೆದರೆ, ತೆರೆದ ಪುಟದಲ್ಲೇ ತಪ್ಪು ಕೂತಿರುತ್ತದೆ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತಿರುವ ಸತ್ಯ.

ಈ ಪುಸ್ತಕವನ್ನಂತೂ ಅವಳು ಮುಟ್ಟಿಯೂ ಇರಲಿಲ್ಲ. ಅದಕ್ಕೆ ಕಾರಣ ವೇದಿಕೆಯ ಮೇಲೆ, ಮೂರನೇ ಕುರ್ಚಿಯಲ್ಲಿ, ಹೊಸ ಷರಟು ತೊಟ್ಟು, ಕುತ್ತಿಗೆ ಬಿಗಿಯಾಗಿ ಕೂತಿತ್ತು.

ಅವನು ಗಡಿಯಾರದವನು. ಪ್ರೆಸ್ಸಿನ ಎದುರಿಗೇ, ರಸ್ತೆಯ ಆ ಕಡೆ, ಗಡಿಯಾರ ರಿಪೇರಿಯ ಅಂಗಡಿ. ಗೋಡೆಯ ಮೇಲೆ ಹದಿನೇಳು ಗಡಿಯಾರ. ಹದಿನೇಳೂ ಹದಿನೇಳು ಹೊತ್ತು ತೋರಿಸುತ್ತಿದ್ದವು. ಸಮಯ ಕೇಳಲು ಹೋದವರು ವಯಸ್ಸು ಮರೆತು ಬರುತ್ತಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಗಲೆಲ್ಲ ತಲೆ ತಗ್ಗಿಸಿ ಕೂತಿರುತ್ತಿದ್ದ ಈ ಮನುಷ್ಯ ಏಳು ವರ್ಷ ಗುಟ್ಟಾಗಿ ಕಾದಂಬರಿ ಬರೆದಿದ್ದಾನೆಂದು ಯಾರಿಗೆ ಗೊತ್ತಿತ್ತು? ಒಂದು ದಿನ ರಸ್ತೆ ದಾಟಿ ಬಂದು ಅದನ್ನು ಮಾವನ ಮೇಜಿನ ಮೇಲಿಟ್ಟ. ಮಾವ ತೂಕ ನೋಡಿಯೇ ಒಪ್ಪಿಕೊಂಡರು.

ಕಥೆ ಇಷ್ಟೇ: ಒಬ್ಬ ಸ್ಟೇಷನ್ ಮಾಸ್ಟರ್, ಒಬ್ಬ ಸ್ಕೂಲ್ ಟೀಚರ್. ಅವನಿಗೆ ವರ್ಗವಾಗುತ್ತದೆ. ಕೊನೆಯಲ್ಲಿ ಅವಳು ಪ್ಲಾಟ್‌ಫಾರ್ಮಿನ ಮೇಲೆ ನಿಂತಿರುತ್ತಾಳೆ, ರೈಲು ಹೊರಡುತ್ತದೆ. ಕೊನೆಯ ಸಾಲು: ‘ಅವಳು ಏನೂ ಹೇಳಲಿಲ್ಲ.’ ಮುಗಿಯಿತು.

ಕರಡು ಎಂದರೆ ಅತ್ತಿಂದಿತ್ತ ಓಡಾಡುವ ವಸ್ತು. ಮೊದಲು ಕರಡಮ್ಮ ತಿದ್ದಬೇಕು, ಅದು ಲೇಖಕನಿಗೆ ಹೋಗಬೇಕು, ಅವನು ನೋಡಿದ ಮೇಲೆ ಡಿಟಿಪಿ ಅಕ್ಕನ ಕಂಪ್ಯೂಟರಿಗೆ. ಡಿಟಿಪಿ ಅಕ್ಕ ಕಣ್ಣಿಗೆ ಕಂಡದ್ದನ್ನೆಲ್ಲ ಟೈಪು ಮಾಡುವ ಮಹಾಯೋಗಿ. ಒಮ್ಮೆ ಅಡುಗೆ ಪುಸ್ತಕದ ಕರಡಿನ ಅಂಚಿನಲ್ಲಿ ಕರಡಮ್ಮ ‘ಇಲ್ಲಿ ಟೀ ಚೆಲ್ಲಿದೆ, ಕ್ಷಮಿಸಿ’ ಎಂದು ಬರೆದಿದ್ದಳು. ಅಕ್ಕ ಅದನ್ನೂ ಸೇರಿಸಿಬಿಟ್ಟರು. ಎಷ್ಟು ಚಮಚ ಟೀ ಚೆಲ್ಲಬೇಕು ಎಂದು ಓದುಗರಿಂದ ಒಂದು ಲಕ್ಷ ಕಾಗದ ಬಂತು. ಬಂದದ್ದು ಎರಡೇ ಕಾಗದ ಎಂದು ಮಾವ ಇವತ್ತಿಗೂ ವಾದಿಸುತ್ತಾರೆ. ಆಗ ಕರಡಮ್ಮ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು: ಕೆಂಪು ಒಳಗೆ, ಪೆನ್ಸಿಲ್ ಹೊರಗೆ. ಕೆಂಪು ಶಾಯಿಯಲ್ಲಿ ಬರೆದದ್ದು ಪುಸ್ತಕದೊಳಕ್ಕೆ. ಪೆನ್ಸಿಲಿನದು ಬರೀ ಮಾತುಕತೆ, ಅಚ್ಚಿಗಲ್ಲ.

ಆ ಪೆನ್ಸಿಲಿನಿಂದಲೇ ಎಲ್ಲ ಶುರುವಾದದ್ದು.

‘ನಿಮ್ಮ ಟೀಚರ್ ನಿಟ್ಟುಸಿರು ಬಿಟ್ಟದ್ದು ಇದು ಒಂಬತ್ತನೇ ಸಲ. ಡಾಕ್ಟರಿಗೆ ತೋರಿಸಿ’ ಎಂದು ಅವಳು ಅಂಚಿನಲ್ಲಿ ಬರೆದಳು.

‘ತೋರಿಸಿದೆ. ಕರಡು ತಿದ್ದುವವರ ಹತ್ತಿರ ಕಳಿಸಿ ಅಂದರು’ ಎಂದು ಉತ್ತರ ಬಂತು.

‘ಚಂದ್ರ ಹಿಂದಿನ ಪುಟದಲ್ಲೇ ಮುಳುಗಿದ್ದ. ಮತ್ತೆ ಎಬ್ಬಿಸಿದವರು ಯಾರು?’

‘ನೀವು ಓದುತ್ತೀರೆಂದು ಗೊತ್ತಾಗಿ ಅವನೇ ಎದ್ದು ಬಂದ.’

ಅವಳು ಚಂದ್ರನನ್ನು ಕೆಂಪು ಗೆರೆಯಿಂದ ಹೊಡೆದುಹಾಕಿದಳು. ಮರುದಿನ ಪೆನ್ಸಿಲಿನಲ್ಲಿ ಒಂದು ಬೇಡಿಕೆ ಬಂತು: ‘ಪಾಪ, ಅವನಿಗೆ ಬೇರೆ ಕೆಲಸ ಗೊತ್ತಿಲ್ಲ.’ ಅವಳಿಗೆ ನಗು ತಡೆಯಲಾಗಲಿಲ್ಲ. ಹೊಡೆದುಹಾಕಿದ ಸಾಲಿನ ಕೆಳಗೆ ಚುಕ್ಕಿ ಚುಕ್ಕಿ ಇಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆದಳು. ಕರಡಿನ ಲೋಕದಲ್ಲಿ ಅದು ಪ್ರಾಣಭಿಕ್ಷೆ. ಹೊಡೆದದ್ದನ್ನು ಮರೆತುಬಿಡಿ, ಇದ್ದ ಹಾಗೇ ಇರಲಿ ಎಂದು ಅರ್ಥ.

ಹೀಗೆ ನೂರ ನಲವತ್ತು ಪುಟ. ಬಾಯಿಬಿಟ್ಟು ಆಡಿದ ಮಾತು ಹತ್ತಿರಲಿಕ್ಕಿಲ್ಲ. ಅವಳು ಕಿಟಕಿಯಲ್ಲಿ ನಿಂತರೆ ಅವನು ತಲೆ ಎತ್ತುತ್ತಿದ್ದ. ಒಂದು ಕಣ್ಣು ಬರಿಗಣ್ಣು, ಇನ್ನೊಂದು ಭೂತಗನ್ನಡಿಯ ಹಿಂದೆ ಬೋಗುಣಿಯಷ್ಟು ದೊಡ್ಡದು. ಬರಿಗಣ್ಣು ನಾಚಿ ತಗ್ಗುತ್ತಿತ್ತು, ದೊಡ್ಡ ಕಣ್ಣು ಮಾತ್ರ ನಾಚಿಕೆಯಿಲ್ಲದೆ ನೋಡುತ್ತಲೇ ಇರುತ್ತಿತ್ತು. ಆ ಒಂದು ಕಣ್ಣಿಗಾಗಿ ಕರಡಮ್ಮ ದಿನಕ್ಕೆ ನಲವತ್ತು ಸಲ ಕಿಟಕಿಯ ಧೂಳು ಒರೆಸಿದಳು. ಗಾಜು ಸವೆದು ಅರ್ಧವಾಯಿತು.

ಕೊನೆಯ ಅಧ್ಯಾಯದ ಅಂಚಿನಲ್ಲಿ ಅವಳು ಬರೆದಳು: ‘ಏನೂ ಹೇಳಲಿಲ್ಲವೇ? ನಿಮ್ಮ ಟೀಚರಿಗೆ ಬಾಯಿ ಇಲ್ಲವೇ?’

ಅವನು ಬರೆದ: ‘ಏನು ಹೇಳಬೇಕಿತ್ತು? ನೀವೇ ಹೇಳಿ.’

ಅವಳು ಹೇಳಿದಳು. ಒಂದು ಸಂಜೆ ಉಸಿರು ಬಿಗಿಹಿಡಿದು ಹನ್ನೊಂದು ಸಾಲು ಬರೆದು, ಮತ್ತೆ ಓದಿದರೆ ಹರಿದುಹಾಕುತ್ತೇನೆಂಬ ಭಯಕ್ಕೆ ಓದದೆ ಕಟ್ಟು ಕಟ್ಟಿ, ಅವನಿಗೆ ಕಳಿಸಿ ಎಂದು ಮಾವನ ಕೈಗೆ ಕೊಟ್ಟಳು. ಕೊನೆಯ ಕರಡನ್ನು ಲೇಖಕರೇ ನೋಡಿಕೊಳ್ಳಲಿ, ನನಗೆ ಕಣ್ಣು ನೋವು ಎಂದಳು. ಮುನ್ನೂರು ವರ್ಷದಲ್ಲಿ ಆ ಕಣ್ಣು ನೋವೆಂದದ್ದು ಅದೊಂದೇ ಸಲ.

ಉತ್ತರ ಬರಲಿಲ್ಲ. ಎಂಟು ದಿನ ಕಿಟಕಿ ತೆರೆದಿಟ್ಟಳು. ಒಂಬತ್ತನೇ ದಿನ ಮುಚ್ಚಿದಳು. ಮುಚ್ಚಿದ ಕಿಟಕಿಗೆ ಈಗ ಎರಡು ತಿಂಗಳು.

“ಇನ್ನು ನಮ್ಮ ಮೇಡಂ ಅವರು ಪುಸ್ತಕ ಕುರಿತು ಮಾತಾಡ್ತಾರೆ,” ಎಂದರು ಮೈಕಿನಲ್ಲಿ ಮಾವ. ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರರು ‘ಅರಿವಳಿಕೆ’ ಎಂಬ ಸ್ವಂತ ಕವಿತೆ ಓದಿ, ಹೆಸರಿಗೆ ತಕ್ಕಂತೆ ಅರ್ಧ ಹಾಲ್ ಮಲಗಿಸಿದ್ದರು. ನಿವೃತ್ತ ಹೆಡ್‌ಮಿಸ್ ಮೇಡಂ ಎದ್ದ ಕೂಡಲೇ ಸತ್ತವರೂ ನೆಟ್ಟಗೆ ಕೂತರು. ಅವರ ಕೈಯಲ್ಲಿ ಪಾಸಾಗದವರು ಆ ಸಭೆಯಲ್ಲಿ ಕಡಿಮೆ. ಪಾಸಾಗುವ ಮುಂಚೆ ಎರಡು ಸಲ ಫೇಲಾದವರು ಜಾಸ್ತಿ.

“ಪುಸ್ತಕದ ಬಗ್ಗೆ ನಾನು ಜಾಸ್ತಿ ಹೇಳಲ್ಲ,” ಎಂದರು ಮೇಡಂ. “ಸುಮಾರಾಗಿದೆ.”

ಗಡಿಯಾರದವನ ಕುತ್ತಿಗೆ ಒಂದು ಇಂಚು ಕುಸಿಯಿತು.

“ಆದ್ರೆ ಒಂದು ಪುಟ ಇದೆ. ಪುಟ ನೂರ ನಲವತ್ಮೂರು. ನಾನು ನಲವತ್ತು ವರ್ಷ ಓದಿಸಿದೀನಿ, ಈ ತರದ್ದು ಓದಿಲ್ಲ. ಮಾತಾಡದೇ ಇದ್ದ ಹೆಣ್ಣು ಕೊನೇಲಿ ಮಾತಾಡ್ತಾಳೆ. ಕೇಳಿ.”

ಮೇಡಂ ಕನ್ನಡಕ ಏರಿಸಿ ಓದಿದರು.

‘ಏನೂ ಹೇಳಲಿಲ್ಲ ಎಂದು ಬರೆದುಬಿಟ್ಟಿರಿ. ಹೇಳುವುದಕ್ಕೆ ಇರಲಿಲ್ಲ ಎಂದುಕೊಂಡಿರಾ? ನಿಮ್ಮ ಗೋಡೆಯ ಮೇಲೆ ಹದಿನೇಳು ಗಡಿಯಾರಗಳಿವೆ. ಅವುಗಳಲ್ಲಿ ಒಂದಾದರೂ ನನ್ನ ಹೊತ್ತು ತೋರಿಸುತ್ತದೇನೋ ಎಂದು ದಿನಾ ಕಿಟಕಿಯಲ್ಲಿ ನಿಂತು ಹುಡುಕುತ್ತೇನೆ. ಬೇರೆಯವರ ತಪ್ಪು ತಿದ್ದುತ್ತ ತಿದ್ದುತ್ತ ನನ್ನದೊಂದು ಮಾತು ಆಡುವುದನ್ನೇ ಮರೆತಿದ್ದೆ. ನಿಮ್ಮಿಂದ ನೆನಪಾಯಿತು. ಬರಲೇ, ಬೇಡವೇ? ದೊಡ್ಡ ಉತ್ತರ ಬೇಡ. ಒಂದೇ ಒಂದು ಅಕ್ಷರ ಬರೆದರೂ ಸಾಕು. ಅಕ್ಷರ ಗುರುತಿಸುವುದು ನನಗೆ ಬರುತ್ತದೆ.’

ಮೊದಲ ಸಾಲಿಗೆ ಕರಡಮ್ಮನಿಗೆ ಕಿವಿ ಬಿಸಿಯಾಯಿತು. ಎರಡನೆಯದಕ್ಕೆ ಕಾಲು ತಣ್ಣಗಾಯಿತು. ಹದಿನೇಳು ಗಡಿಯಾರ ಬರುವ ಹೊತ್ತಿಗೆ ತಾನು ಕುರ್ಚಿಯಲ್ಲಿ ಕೂತಿಲ್ಲ, ಚರ್ಮ ಸುಲಿಸಿಕೊಂಡು ಮೈಕಿನ ಮುಂದೆ ನಿಂತಿದ್ದೇನೆ ಎನಿಸಿತು. ಯಾರಿಗೂ ತೋರಿಸದ ಮಾತು. ಅಮ್ಮನಿಗೂ ಹೇಳದ ಮಾತು. ಅದನ್ನು ಎತ್ತಿ, ತನ್ನ ಹೆಸರಿನ ಕೆಳಗಿಟ್ಟು, ಐನೂರು ಪ್ರತಿ ಅಚ್ಚು ಹಾಕಿಸಿದ್ದಾನೆ!

“ಒಬ್ಬ ಗಂಡಸಿಗೆ ಹೆಣ್ಣಿನ ಮನಸ್ಸು ಇಷ್ಟು ಗೊತ್ತಿದೆ ಅಂದ್ರೆ, ಅವನ ಕೈಗೆ ಬಳೆ... ಅಲ್ಲ, ಬಹುಮಾನ ತೊಡಿಸ್ಬೇಕು!” ಎಂದರು ಮೇಡಂ.

ಚಪ್ಪಾಳೆ ಬಿದ್ದದ್ದಕ್ಕೆ ಕಟ್ಟಡ ಮೂರು ಅಂಗುಲ ಪಕ್ಕಕ್ಕೆ ಸರಿಯಿತು. ಗಡಿಯಾರದವನು ಎದ್ದು, ಅರ್ಧ ಬಗ್ಗಿ, ಕೈ ಮುಗಿದ. ತಲೆ ಎತ್ತಿದಾಗ ಅವನ ಕಣ್ಣು ಎಲ್ಲ ಸಾಲು ದಾಟಿ ನೇರ ಕೊನೆಯ ಕುರ್ಚಿಗೆ ಬಂತು. ಇವತ್ತು ಭೂತಗನ್ನಡಿ ಇರಲಿಲ್ಲ. ಎರಡೂ ಬರಿಗಣ್ಣು. ಎರಡೂ ತಗ್ಗಿದವು.

“ಲೇಖಕರು ಎರಡು ಮಾತಾಡ್ಬೇಕು,” ಎಂದರು ಮಾವ.

ಈಗ ಹೇಳುತ್ತಾನೆ, ಅಂದುಕೊಂಡಳು ಅವಳು. ಈಗಲಾದರೂ ಹೇಳುತ್ತಾನೆ. ಅವನು ಬಾಯಿ ತೆರೆದ, ಮುಚ್ಚಿದ, ತೆರೆದ, ಮುಚ್ಚಿದ.

“ಎಲ್ರಿಗೂ... ಥ್ಯಾಂಕ್ಸ್,” ಎಂದು ಕೂತುಬಿಟ್ಟ.

ಕರಡಮ್ಮ ಎದ್ದು ಹೊರಗೆ ನಡೆದಳು.

ಹೊರಗೆ ಮೆಟ್ಟಿಲ ಬಳಿ ಡಿಟಿಪಿ ಅಕ್ಕ ಪೇಪರ್ ಕಪ್ಪುಗಳನ್ನು ಸಾಲಾಗಿ ಜೋಡಿಸುತ್ತ ಕೂತಿದ್ದರು. ಕಪ್ಪುಗಳೂ ಪ್ಯಾರಾಗ್ರಾಫಿನ ಹಾಗೆ ಎಡಕ್ಕೆ ಒತ್ತಿ ನಿಂತಿದ್ದವು.

“ಏನೇ, ಮುಖ ಯಾಕೆ ಖಾಲಿ ಹಾಳೆ ಆಗಿದೆ?”

“ಅಕ್ಕಾ, ನೂರ ನಲವತ್ಮೂರನೇ ಪುಟ. ಆ ಹನ್ನೊಂದು ಸಾಲು ಎಲ್ಲಿಂದ ಬಂತು?”

“ನಿನ್ನ ಕೈಯಿಂದ ಬಂತು. ಕೆಂಪಲ್ಲಿತ್ತು, ಟೈಪ್ ಹೊಡ್ದೆ.”

“ಕೆಂಪಲ್ಲಾ?”

“ಅಪ್ಪಟ ಕೆಂಪು. ಕೆಂಪು ಒಳಗೆ, ಪೆನ್ಸಿಲ್ ಹೊರಗೆ. ಗೋಡೆಗೆ ಅಂಟಿಸಿದೋಳು ನೀನೇ ಅಲ್ವಾ?”

ಆಗ ನೆನಪಾಯಿತು. ಆ ಸಂಜೆ ಬರೆಯಲು ಕೂತಾಗ ಪೆನ್ಸಿಲನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಮೊದಲ ಅಕ್ಷರಕ್ಕೇ ಮೊನೆ ಪಟ್ಟೆಂದು ಮುರಿದಿತ್ತು. ಚೂಪು ಮಾಡುತ್ತ ಕೂತರೆ ಧೈರ್ಯ ಮೊಂಡಾಗುತ್ತದೆಂದು ಕೈಗೆ ಸಿಕ್ಕ ಪೆನ್ನು ಎತ್ತಿಕೊಂಡಿದ್ದಳು. ಆ ಕೈಗೆ ಹನ್ನೆರಡು ವರ್ಷದಿಂದ ಸಿಗುತ್ತಿದ್ದದ್ದು ಒಂದೇ ಪೆನ್ನು.

“ಆದ್ರೆ ಅದು ಮೊದ್ಲು ಅವರ ಹತ್ರ ಹೋಗ್ಬೇಕಿತ್ತಲ್ಲಾ!”

“ನಿಮ್ಮ ಮಾವನಿಗೆ ಅವಸರ. ನೇರ ತಂದು ನನ್ನ ಟೇಬಲ್ ಮೇಲೆ ಒಗೆದ್ರು.”

“ಓದಿದ್ರೆ ಗೊತ್ತಾಗ್ತಿರ್ಲಿಲ್ವಾ ಅಕ್ಕಾ, ಇದು ಕಥೆ ಅಲ್ಲ ಅಂತ?”

“ನಾನು ಓದೋಳಲ್ಲ, ಹೊಡೆಯೋಳು. ಇಲ್ಲಿ ಬರೋದನ್ನೆಲ್ಲಾ ಓದಿದ್ರೆ ಈ ಹೊತ್ತಿಗೆ ನಾನೂ ಹುಚ್ಚು ಹಿಡ್ದು ಕವಿ ಆಗಿರ್ತಿದ್ದೆ.”

ಕರಡಮ್ಮ ಲೆಕ್ಕ ಹಾಕಿದಳು. ತಪ್ಪು ತನ್ನದೇ. ಹಾಗಾದರೆ ಅವನಿಗೆ ಇದು ಯಾರ ಮಾತು ಎಂದೇ ಗೊತ್ತಿಲ್ಲವೇನೋ? ಎದೆಯೊಳಗೆ ಒಂದು ಸಣ್ಣ ದೀಪ ಹತ್ತಿತು.

“ಅವರು ನೋಡಿದ್ರಾ?” ಎಂದಳು ಮೆಲ್ಲಗೆ.

“ನೋಡ್ದೇ ಏನು? ಕೊನೇ ಕರಡು ಹಿಡ್ಕೊಂಡು ಓಡಿ ಬಂದ್ರು, ಕಣ್ಣಿಗೆ ಸಿಕ್ಕಿಸಿದ್ದ ಗಾಜೂ ತೆಗ್ದಿರ್ಲಿಲ್ಲ. ‘ಇದು ಯಾರು ಬರ್ದದ್ದು’ ಅಂದ್ರು. ಕರಡಮ್ಮ, ಕೆಂಪಲ್ಲಿ ಬರ್ದಿದಾಳೆ ಅಂದೆ. ‘ಕೆಂಪಲ್ಲೇನಾ’ ಅಂತ ಮೂರು ಸಲ ಕೇಳಿದ್ರು. ಆಮೇಲೆ ನೋಡು, ಅಲ್ಲೇ ನಿಂತ್ಕೊಂಡು...”

ಕರಡಮ್ಮ ಮುಂದೆ ಕೇಳಲಿಲ್ಲ. ದೀಪ ಆರಿಹೋಗಿತ್ತು. ಅಂದರೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಗೊತ್ತಿದ್ದೂ ಇವತ್ತು ಬಗ್ಗಿ ಕೈ ಮುಗಿದ.

ಅವಳು ಒಳಗೆ ಬಂದಾಗ ಮಾವ ಪ್ರಶ್ನೆಗಳಿದ್ದರೆ ಕೇಳಿ ಎನ್ನುತ್ತಿದ್ದರು. ಪತ್ತೇದಾರಿ ಕಾದಂಬರಿ ಬರೆಯುವ ಪೋಸ್ಟ್‌ಮ್ಯಾನ್ ಎದ್ದು ನಿಂತಿದ್ದ. ತನ್ನ ಇಪ್ಪತ್ತು ಕಾದಂಬರಿಗಳಲ್ಲಿ ಮುನ್ನೂರು ಕೊಲೆ ಮಾಡಿಸಿ, ಇರುವೆಯನ್ನೂ ದಾಟಿಕೊಂಡು ನಡೆಯುವ ಸಾಧು ಅವನು.

“ನನ್ನದೊಂದು ಸಣ್ಣ ಅನುಮಾನ. ಸ್ಟೇಷನ್ನಲ್ಲಿ ಇರೋದು ಒಂದೇ ಗಡಿಯಾರ ಅಂತ ಮೂರನೇ ಅಧ್ಯಾಯದಲ್ಲಿದೆ. ಕೊನೇಲಿ ಹದಿನೇಳು ಹೇಗಾಯ್ತು?”

“ಅದು ಸಂಕೇತ ರೀ!” ಎಂದರು ಮೇಡಂ. “ಮನಸ್ಸಿನ ಹದಿನೇಳು ಅವಸ್ಥೆ.”

“ಸಂಕೇತ ಆದ್ರೂ ಯಾರೋ ಮೊಳೆ ಹೊಡೀಬೇಕಲ್ಲ ಮೇಡಂ?”

ಸಭೆ ನಕ್ಕಿತು. ಆ ನಗುವಿನ ನಡುವೆ ಕರಡಮ್ಮನ ಧ್ವನಿ ಕೇಳಿತು.

“ಅದು ಸಂಕೇತ ಅಲ್ಲ. ತಪ್ಪು.”

ಎಪ್ಪತ್ತೆರಡು ಕುತ್ತಿಗೆ ಹಿಂದೆ ತಿರುಗಿದವು. ಮಾವನ ಮುಖ ಅರಳಿತು. “ನೋಡಿ, ನೋಡಿ, ನಮ್ಮ ಹುಡುಗಿ ಹಿಡಿದ್ಲು! ಹೇಳಮ್ಮಾ, ಏನು ತಪ್ಪು?”

“ಆ ಹನ್ನೊಂದು ಸಾಲು ಲೇಖಕರದ್ದಲ್ಲ ಮಾವ. ಬೇರೆಯವರು ಅವರಿಗೆ ಬರ್ದದ್ದು. ಒಬ್ರಿಗೆ ಬರ್ದದ್ದು. ಇಷ್ಟು ಜನಕ್ಕಲ್ಲ.”

ಫ್ಯಾನುಗಳು ತಿರುಗುವುದನ್ನು ನಿಲ್ಲಿಸಿದವು. ಮಾವನ ಮುಖದ ಮೇಲೆ ಅರಳಿದ್ದು ಅಲ್ಲೇ ಸಿಕ್ಕಿಕೊಂಡಿತು. ಎದುರಂಗಡಿಯ ಗೋಡೆ ಅವರಿಗೂ ದಿನಾ ಕಾಣುತ್ತಿತ್ತು.

ಗಡಿಯಾರದವನು ಎದ್ದ. ಈ ಸಲ ಮೈಕಿನ ಬಳಿ ಹೋಗಲಿಲ್ಲ.

“ನನ್ನದಲ್ಲ,” ಎಂದ. “ಚಪ್ಪಾಳೆಗೆ ಕೈ ಮುಗಿದದ್ದು ತಪ್ಪು. ಹೇಳ್ಬೇಕು ಅಂತ ನಿಂತೆ, ನಾಲಿಗೆ ಏಳ್ಲಿಲ್ಲ. ಅದಕ್ಕೆ ನೀವು ಏನ್ ಅಂದ್ರೂ ತಲೆ ಬಗ್ಗಿಸ್ತೀನಿ. ಆದ್ರೆ ಉತ್ತರ ಕೊಟ್ಟಿಲ್ಲ ಅಂತ ಮಾತ್ರ ತಿಳ್ಕೋಬೇಡಿ. ಮೇಡಂ, ಒಂದು ಪುಟ ತಿರುಗಿಸಿ.”

“ಅಲ್ಲೇನಿದೆ?” ಮೇಡಂ ತಿರುಗಿಸಿದರು. “ಇದು ಪ್ರಿಂಟಿಂಗ್ ಮಿಸ್ಟೇಕು. ಕೊನೇ ಪುಟ ಪೂರ್ತಿ ಖಾಲಿ, ನಡುವೆ ಎಲ್ಲಿಂದಲೋ ಬಂದ ಒಂದು ಅಕ್ಷರ ಉಳ್ಕೊಂಡಿದೆ.”

“ಏನ್ ಅಕ್ಷರ ಮೇಡಂ?” ಪೋಸ್ಟ್‌ಮ್ಯಾನ್ ಬಿಡಲಿಲ್ಲ.

“‘ಬಾ’.”



ಕರಡಮ್ಮ ಪಕ್ಕದವರ ಕೈಯಿಂದ ಪುಸ್ತಕ ಕಿತ್ತುಕೊಂಡು, ಜೀವಮಾನದಲ್ಲಿ ಮೊದಲ ಸಲ, ತಾನೇ ಕರಡು ತಿದ್ದಿದ ಪುಸ್ತಕವನ್ನು ಅಚ್ಚಾದ ಮೇಲೆ ತೆರೆದಳು. ಪುಟ ನೂರ ನಲವತ್ತನಾಲ್ಕು. ಬಿಳಿ ಹಾಳೆಯ ನಡುವೆ, ಬೀಗ ಹಾಕಿದ ಮನೆಯ ಮುಂದೆ ನಿಂತ ಅತಿಥಿಯ ಹಾಗೆ, ಒಂದೇ ಅಕ್ಷರ. ಒಬ್ಬರನ್ನೊಬ್ಬರು ನೀವು ಎಂದೇ ಕರೆದುಕೊಂಡವರ ನಡುವೆ ಏಕಾಏಕಿ ಬಂದು ನಿಂತ ಏಕವಚನ. ಅವಳು ಅದರ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಕೋಪ ಬಂದು ಆ ಬೆರಳನ್ನು ಎತ್ತಿತು.

“ಕೊನೇ ಕರಡಲ್ಲಿ ಬರ್ದಿಟ್ಟೆ, ನೀವು ನೋಡೇ ನೋಡ್ತೀರಿ ಅಂದ್ಕೊಂಡೆ,” ಎನ್ನುತ್ತಿದ್ದ ಅವನು. “ನಿಮ್ಮ ಕಣ್ಣು ತಪ್ಪಿಸಿ ಯಾವ ಅಕ್ಷರ ಹೋಗುತ್ತೆ? ಆಮೇಲೆ ಕಿಟಕಿ ಮುಚ್ಚಿದ್ರಿ. ಅದೇ ನಿಮ್ಮ ಉತ್ತರ ಅಂದ್ಕೊಂಡೆ. ಅಷ್ಟು ಹೊತ್ತಿಗೆ ಅಚ್ಚೂ ಆಗಿತ್ತು.”

“ಎಂಟು ದಿನ ತೆಗೆದಿಟ್ಟಿದ್ದೆ.” ಕರಡಮ್ಮ ಸಾಲುಗಳ ನಡುವೆ ನಡೆದು ಮುಂದೆ ಬಂದಳು. “ನಿಮ್ಮ ಅಂಗಡಿಯಿಂದ ನಮ್ಮ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಎಣಿಸಿದೀನಿ. ಐನೂರು ಪ್ರತೀಲಿ ‘ಬಾ’ ಅಂದ್ರಿ. ಹದಿನಾಲ್ಕು ಹೆಜ್ಜೆ ಬಂದು ಒಂದ್ಸಲ ಅನ್ನೋಕಾಗ್ಲಿಲ್ಲ ನಿಮಗೆ. ನಾನು ನಿಮ್ಮನ್ನ ಕೇಳ್ದೆ. ನೀವು ಊರಿಗೆ ಹೇಳಿದ್ರಿ. ಊರು ನಿಮ್ಮನ್ನ ಹೊಗಳ್ತು. ನೀವು ಬಗ್ಗಿದ್ರಿ.”



ಅವಳು ಜಡೆಯಲ್ಲಿ ಸಿಕ್ಕಿಸಿದ್ದ ಕೆಂಪು ಪೆನ್ನು ತೆಗೆದಳು. ಮೇಜಿನ ಮೇಲೆ ಪುಸ್ತಕ ಇಟ್ಟು, ‘ಬಾ’ ಮೇಲೆ ಒಂದು ಗೆರೆ ಎಳೆದಳು. ಹಾಳೆ ಹರಿಯಲಿಲ್ಲ, ಅಷ್ಟೇ. ಪುಸ್ತಕವನ್ನು ಅವನ ಕೈಗೆ ಕೊಟ್ಟು ಮೆಟ್ಟಿಲಿಳಿದು ಹೋದಳು. ಮೇಡಂ ಮೈಕಿನಲ್ಲಿ, “ಈ ಹುಡುಗಿ ಯಾವ ಬ್ಯಾಚು?” ಎಂದು ಕೇಳಿದ್ದು ಬೀದಿಯವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಗಡಿಯಾರದವನು ಅಂಗಡಿಗೆ ಬೀಗ ಹಾಕಿ, ಹದಿನಾಲ್ಕು ಹೆಜ್ಜೆ ದಾಟಿ ಬಂದ. ಕೈಯಲ್ಲಿ ಒಂದು ಡಬ್ಬ ಅಂಟು, ಒಂದು ಕಟ್ಟು ಚೀಟಿ. ಚೀಟಿಗಳನ್ನೆಲ್ಲ ಕೈಯಲ್ಲೇ ಬರೆದಿದ್ದ, ಕೆಂಪು ಶಾಯಿಯಲ್ಲಿ: ‘ಪುಟ ೧೪೩ರ ಹನ್ನೊಂದು ಸಾಲುಗಳು ಲೇಖಕನವಲ್ಲ. ಅವನನ್ನು ನಂಬಿ ಒಬ್ಬರು ಬರೆದವು, ಅವರ ಅಪ್ಪಣೆಯಿಲ್ಲದೆ ಅಚ್ಚಾಗಿವೆ. ಹೊಗಳಿದವರು ದಯವಿಟ್ಟು ಹೊಗಳಿಕೆ ವಾಪಸು ಪಡೆಯಬೇಕು.’

“ಎಲ್ಲಾ ಪ್ರತಿಗೂ ಅಂಟಿಸ್ತೀನಿ,” ಎಂದ ಮಾವನಿಗೆ.

“ಐನೂರಕ್ಕೂ?” ಮಾವ ಅವನನ್ನೂ ಸೋದರಸೊಸೆಯನ್ನೂ ನೋಡಿದರು. “ಆಗ್ಲಪ್ಪ. ಕೂತ್ಕೊ. ಮೇಜಿನ ಆ ತುದೀಲಿ. ಈ ತುದಿ ಅಪಾಯ.”

ಉದ್ದ ಮೇಜು, ಒಂದು ತುದಿಯಲ್ಲಿ ಅವಳು ಯಾರದೋ ಕರಡು ತಿದ್ದುತ್ತ, ಇನ್ನೊಂದು ತುದಿಯಲ್ಲಿ ಅವನು ಅಂಟು ಬಳಿಯುತ್ತ. ನಡುವೆ ಏಳು ಸಮುದ್ರ. ಅವಳು ಮಾತಾಡಲಿಲ್ಲ, ಮೊದಲ ದಿನವೂ ಇಲ್ಲ, ಎರಡನೇ ದಿನವೂ ಇಲ್ಲ. ಮಾರಿಹೋಗಿದ್ದ ಪ್ರತಿಗಳನ್ನು ಹುಡುಕಿಕೊಂಡು ಅವನು ಮನೆಮನೆಗೆ ಹೋದ. ಹಲ್ಲಿನ ಡಾಕ್ಟರರು ತಮ್ಮ ಪ್ರತಿ ಕೊಡಬೇಕಾದರೆ ‘ಅರಿವಳಿಕೆ’ಯನ್ನು ಇನ್ನೊಮ್ಮೆ ಪೂರ್ತಿ ಕೇಳಬೇಕೆಂದರು. ಕೇಳಿದ. ಅದನ್ನು ಪೋಸ್ಟ್‌ಮ್ಯಾನ್ ಬಂದು ಹೇಳಿದಾಗ ಕರಡಮ್ಮನ ತುಟಿ ಸ್ವಲ್ಪ ಅಲುಗಿತು. ಡಿಟಿಪಿ ಅಕ್ಕ ಅದನ್ನು ನೋಡಿ, ಏನೂ ಓದದವರ ಹಾಗೆ ಕೀಲಿಮಣೆ ಕುಟ್ಟಿದರು.

ಮೂರನೇ ದಿನ ಅವನು ಕೇಳಿದ. “ಒಂದು ಮಾತು ಕೇಳ್ಲಾ? ಕೆಂಪಲ್ಲಿ ಯಾಕೆ ಬರ್ದ್ರಿ?”

ಅವಳು ಕರಡಿನಿಂದ ತಲೆ ಎತ್ತಲಿಲ್ಲ. “ಪೆನ್ಸಿಲ್ ಮುರೀತು.”

ಅವನ ಕೈಯ ಕುಂಚ ಹಾಗೇ ನಿಂತಿತು. “ಅಷ್ಟೇನಾ?”

“ಅಷ್ಟೇ.”

“ನಾನು...” ಅವನು ಅಂಟಿನ ಡಬ್ಬಕ್ಕೆ ಹೇಳಿದ. “ಅಚ್ಚಾದ್ರೂ ಪರವಾಗಿಲ್ಲ, ಯಾರಿಗೆ ಗೊತ್ತಾದ್ರೂ ಪರವಾಗಿಲ್ಲ ಅನ್ನೋಷ್ಟು ಧೈರ್ಯ ನಿಮಗಿದೆ ಅಂದ್ಕೊಂಡೆ. ಅದಕ್ಕೆ ನಂದೂ ಕೆಂಪಲ್ಲೇ ಬರ್ದೆ. ನನ್ನ ಜನ್ಮದಲ್ಲಿ ಅದೊಂದೇ ಧೈರ್ಯದ ಕೆಲಸ. ಅದೂ ಪೆನ್ಸಿಲ್ ಮುರಿದದ್ದಕ್ಕಾ?”

“ಹದಿನೇಳನ್ನ ಯಾಕೆ ಒಂದು ಮಾಡ್ಲಿಲ್ಲ? ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಪೂರ್ತಿ ನಿಮ್ಮದೇ ಆಗ್ತಿತ್ತು.”

“ನಿಮ್ಮ ಮಾತು ಅದು. ತಿದ್ದೋಕೆ ನಾನ್ಯಾರು?”

ಅವಳು ಕರಡಿನ ಮೇಲೆ ಇನ್ನಷ್ಟು ಬಗ್ಗಿದಳು. ಆದರೆ ಅವತ್ತು ಅವಳು ತಿದ್ದಿದ ಕರಡಿನಲ್ಲಿ ನಾಲ್ಕು ತಪ್ಪು ಉಳಿದವು. ಪ್ರೆಸ್ಸಿನ ಚರಿತ್ರೆಯಲ್ಲಿ ಅಂಥ ಪ್ರಳಯ ಆಗಿರಲಿಲ್ಲ. ಐದನೇ ದಿನ ಎದ್ದು ಹೋಗಿ ಕಿಟಕಿ ತೆರೆದಳು.

“ಅಂಟಿನ ವಾಸನೆ,” ಎಂದಳು ಯಾರೂ ಕೇಳದಿದ್ದರೂ.

“ಹೌದೌದು, ವಿಪರೀತ,” ಎಂದರು ಮಾವ ಪೇಪರಿನ ಹಿಂದಿನಿಂದ.

ಆರನೇ ದಿನ ಮಧ್ಯಾಹ್ನ ನಾನೂರ ತೊಂಬತ್ತೊಂಬತ್ತು ಮುಗಿದವು. ಅವನು ಚೀಲದಿಂದ ಕೊನೆಯದನ್ನು ತೆಗೆದ. ಅವಳು ಗೆರೆ ಎಳೆದು ಕೊಟ್ಟ ಪ್ರತಿ. ಅದಕ್ಕೂ ಚೀಟಿ ಅಂಟಿಸಿ, ಒಣಗಲೆಂದು ಊದಿ, ಉದ್ದ ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ. ಅದು ಏಳು ಸಮುದ್ರ ದಾಟಿ ಬಂದು ಅವಳ ಮೊಣಕೈಗೆ ತಾಗಿ ನಿಂತಿತು.

“ಎಲ್ಲಾ ಆಯ್ತು. ಸರಿಯಾಗಿದೆಯಾ ನೋಡ್ಬಿಡಿ. ನಾಳೆಯಿಂದ ಬರಲ್ಲ.”

ಅವಳು ಪುಸ್ತಕ ಎತ್ತಿಕೊಂಡಳು. ಚೀಟಿ ಓದಿದಳು, ಪುಟ ತಿರುಗಿಸಿದಳು.  ಎದುರಂಗಡಿಯಲ್ಲಿ ಯಾವುದೋ ಗಡಿಯಾರ ಮೂರು ಹೊಡೆಯಿತು, ಇನ್ನೊಂದು ಒಂಬತ್ತು. ಏನೋ ಗೀಚಿದಳು. ಪುಸ್ತಕ ಮುಚ್ಚಿ, ಮೇಜಿನ ಮೇಲೆ ತಳ್ಳಲಿಲ್ಲ. ಎದ್ದು, ಉದ್ದಕ್ಕೂ ನಡೆದು ಹೋಗಿ, ಅವನ ಮುಂದಿಟ್ಟಳು.

“ಒಂದು ಕಡೆ ತಿದ್ದಿದೀನಿ.”

ಅವನು ತೆರೆದ. ಹೊಡೆದುಹಾಕಿದ ‘ಬಾ’ ಹಾಗೇ ಇತ್ತು, ಗೆರೆಯ ಸಮೇತ. ಅದರ ಕೆಳಗೆ ಸಾಲಾಗಿ ಸಣ್ಣ ಚುಕ್ಕಿಗಳು. ಅಂಚಿನಲ್ಲಿ, ಗುಂಡಗಿನ ಅಕ್ಷರದಲ್ಲಿ, ‘ಇರಲಿ’.

ಅವನು ತಲೆ ಎತ್ತಿದ. ಎರಡೂ ಬರಿಗಣ್ಣು, ಈ ಸಲ ತಗ್ಗಲಿಲ್ಲ.

“ಕೆಂಪಲ್ಲಿ ಬರ್ದಿದ್ದೀರಿ,” ಎಂದ.

“ಈ ಸಲ,” ಎಂದಳು ಕರಡಮ್ಮ, “ಪೆನ್ಸಿಲ್ ಮುರಿದಿರ್ಲಿಲ್ಲ.”